ಲಂಡನ್ನಿನ ಬೀದಿಯಲ್ಲಿ ಒಂದು ಜಾತ್ರೆ

ಲಂಡನ್ನಿಗೆ ಹೋಗಿ ಬಂದವರನ್ನು ನಮ್ಮವರು ಕೇಳುವ ಮೊದಲ ಪ್ರಶ್ನೆ ಒಂದೇ: "ಥೇಮ್ಸ್ ನದಿಯ ದಂಡೆಯ ಮೇಲಿನ ಬಸವಣ್ಣನವರ ಪ್ರತಿಮೆಯ ದರ್ಶನ ಆಯಿತೆ?" ಆಯಿತು. 2023ರ ಆಗಸ್ಟ್ ತಿಂಗಳ ಕೊನೆಯ ವಾರ ನನ್ನ ಸೋದರಳಿಯನ ಮನೆಗೆ ಹೋದವನು ಮರುದಿನ ಮುಂಜಾನೆ ಪೂಜೆ ಮುಗಿಸಿ ನೇರವಾಗಿ ಅಲ್ಲಿಗೇ ಹೋದೆ. 2015ರ ನವೆಂಬರ್ 14ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅನಾವರಣಗೊಳಿಸಿದ ಆ ಪ್ರತಿಮೆಯ ಕುರಿತು ಬಲ್ಲವರು ಸಾಕಷ್ಟು ಬರೆದಿದ್ದಾರೆ. ಅದನ್ನೇ ಮತ್ತೆ ಬರೆದು ಓದುಗ ಬಂಧುಗಳ ವೇಳೆಯನ್ನು ಕಳೆಯಲಾರೆ. ನಾನು ಹೇಳಹೊರಟಿರುವುದು ಅದೇ ನಗರದಲ್ಲಿ ಕಂಡ ಒಂದು ಜಾತ್ರೆಯ ವಿಷಯ.

ಆದರೂ ಪ್ರತಿಮೆ ಇರುವ ಸ್ಥಳದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಲ್ಯಾಂಬೆತ್ ಎಂಬ ನಗರ ವಿಭಾಗಕ್ಕೆ ಸೇರಿದ್ದು. ಎರಡನೆಯ ಮಹಾಯುದ್ಧದ ತರುವಾಯ ಕೆಲಸ ಮಾಡುವ ಕೈಗಳಿಗಾಗಿ ಬ್ರಿಟನ್ ತನ್ನ ವಸಾಹತುಗಳತ್ತ ನೋಡಿತು. 1948ರ ಜೂನ್ 22ರಂದು 'ಎಂಪೈರ್ ವಿಂಡ್‌ರಷ್' ಎಂಬ ಹಡಗಿನಿಂದ ಟಿಲ್ಬರಿ ಬಂದರಿನಲ್ಲಿ ಕೆರಿಬಿಯನ್ ದ್ವೀಪಗಳ ನೂರಾರು ಜನ ಇಳಿದರು. ತಂಗಲು ಮನೆಯಿಲ್ಲದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಕ್ಲಾಪಮ್‌ನಲ್ಲಿ, ಯುದ್ಧಕಾಲದಲ್ಲಿ ಬಾಂಬಿಗೆ ಹೆದರಿ ಜನ ಅಡಗುತ್ತಿದ್ದ ನೆಲದಾಳದ ಸುರಂಗದಲ್ಲಿ ಇರಿಸಲಾಯಿತು. ಅಲ್ಲಿಗೆ ಹತ್ತಿರದ ಉದ್ಯೋಗ ಕಚೇರಿ ಲ್ಯಾಂಬೆತ್‌ನ ಬ್ರಿಕ್ಸ್‌ಟನ್ ಬಡಾವಣೆಯಲ್ಲಿತ್ತು. ಕೆಲಸ ಹುಡುಕುತ್ತ ಬಂದವರು ಅಲ್ಲಿಯೇ ನೆಲೆ ನಿಂತರು. ಆ ಮುಂಜಾನೆ ಪ್ರತಿಮೆಯ ಎದುರು ಕೈಮುಗಿದು ನಿಂತಾಗ ನನಗೆ ಇದಾವುದೂ ತಿಳಿದಿರಲಿಲ್ಲ. ತಿಳಿಯುವಂತಾದದ್ದು ಮನೆಯಲ್ಲಿ ಎದ್ದ ಒಂದು ತಕರಾರಿನಿಂದ.

ಸೋದರಳಿಯನ ಮನೆ ಹೌನ್ಸ್‌ಲೋದಲ್ಲಿ. ಮೂಲತಃ ಬಾಗಲಕೋಟೆಯವರು. ಒಬ್ಬಳೇ ಮಗಳು, ಹನ್ನೊಂದು ವರ್ಷದವಳು. ನಾನು ಹೋದ ದಿನವೇ ಆಕೆಯ ಕೋಣೆಯ ಗೋಡೆಗೆ ಒರಗಿಸಿಟ್ಟ ಒಂದು ಜೊತೆ ರೆಕ್ಕೆಗಳು ನನ್ನ ಕಣ್ಣಿಗೆ ಬಿದ್ದಿದ್ದವು. ತಂತಿಯನ್ನು ಬಗ್ಗಿಸಿ, ಜಾಳಿಗೆಯ ಬಟ್ಟೆ ಹೊದಿಸಿ, ನೀಲಿ ಮತ್ತು ಹೊಂಬಣ್ಣದ ಗರಿಗಳನ್ನು ಒಂದೊಂದಾಗಿ ಅಂಟಿಸಿದ್ದ, ಆಕೆಗಿಂತಲೂ ಅಗಲವಾದ ರೆಕ್ಕೆಗಳು. ರಾತ್ರಿ ಊಟಕ್ಕೆ ಕುಳಿತಾಗ ವಿಷಯ ಹೊರಬಿತ್ತು.

"ಮಾಮಾ, ನೀವಽ ಹೇಳ್ರಿ ಆಕಿಗೆ. ನಾವು ಹೇಳಿದ್ರ ಕೇಳವಲ್ಲಳು," ಎಂದ ಅಳಿಯ.

ಹುಡುಗಿಯ ಶಾಲಾ ಗೆಳತಿಯ ಮನೆತನ ಟ್ರಿನಿಡಾಡ್ ದ್ವೀಪದ್ದು. ಪ್ರತಿ ವರ್ಷ ಆಗಸ್ಟ್ ಕೊನೆಯ ಭಾನುವಾರ ಹಾಗೂ ಸೋಮವಾರ ಪಶ್ಚಿಮ ಲಂಡನ್ನಿನ ನಾಟಿಂಗ್ ಹಿಲ್ ಬೀದಿಗಳಲ್ಲಿ ನಡೆಯುವ ಕಾರ್ನಿವಲ್ ಎಂಬ ಮಹೋತ್ಸವದಲ್ಲಿ ಆ ಮನೆಯವರ ತಂಡ ವೇಷ ಧರಿಸಿ ನಡೆಯುತ್ತದೆ. ಈ ವೇಷದ ತಂಡಕ್ಕೆ ಅವರು 'ಮಾಸ್' ಎನ್ನುತ್ತಾರೆ. ಭಾನುವಾರ ಮಕ್ಕಳ ದಿನ. ಮೊಮ್ಮಗಳು ಬೇಸಿಗೆಯುದ್ದಕ್ಕೂ ಶನಿವಾರಗಳಂದು ಗೆಳತಿಯ ಅಜ್ಜಿಯ ಬಳಿ ಕುಳಿತು ರೆಕ್ಕೆ ಕಟ್ಟಲು ಕಲಿತಿದ್ದಾಳೆ. ಹೊಲಿಯಲು ಅಡ್ಡಿಯಿಲ್ಲ, ಹಾಕಿಕೊಂಡು ಬೀದಿಯಲ್ಲಿ ಕುಣಿಯುವುದು ಬೇಡ ಎಂಬುದು ತಂದೆಯ ತೀರ್ಪು. ಅರೆಬರೆ ಉಡುಪಿನ ಕುಣಿತ, ಕುಡಿತ, ಚೂರಿ ಇರಿತ, ಇವೆಲ್ಲವನ್ನೂ ಪತ್ರಿಕೆಯಲ್ಲಿ ಓದಿದ್ದಾನೆ. ತಾಯಿಯ ಮನಸ್ಸು ಎತ್ತ ಎಂಬುದು ತಿಳಿಯಲಿಲ್ಲ. "ಮಾವಾರು ಹೆಂಗ ಹೇಳ್ತಾರ ಹಂಗ," ಎಂದಷ್ಟೇ ನುಡಿದು ರೊಟ್ಟಿ ಬಡಿಸಿದಳು. ಹುಡುಗಿ ಮಾತ್ರ ತಟ್ಟೆಯಿಂದ ಕಣ್ಣೆತ್ತದೆ, "ಮುತ್ಯಾ, ನೀವು ನೋಡೇ ಇಲ್ಲ. ನೋಡದಽ ಹೆಂಗ ಹೇಳ್ತೀರಿ?" ಎಂದಳು.

ಮಠದಲ್ಲಿ ಓದಿದವನು, ಶಾಸ್ತ್ರ ಬಲ್ಲವನು, ಬೇಡವೆಂದೇ ಹೇಳುತ್ತಾನೆ ಎಂಬ ಭರವಸೆಯಿಂದ ಅಳಿಯ ನನ್ನ ಮುಂದೆ ವ್ಯಾಜ್ಯವಿಟ್ಟಿದ್ದ. ನನ್ನ ಬಾಯಲ್ಲಿಯೂ ಅದೇ ಮಾತಿತ್ತು. ಆದರೆ ತರ್ಕಶಾಸ್ತ್ರದ ಮೊದಲ ಪಾಠವನ್ನು ಹನ್ನೊಂದು ವರ್ಷದ ಕೂಸು ನನಗೆ ನೆನಪಿಸಿದ ಮೇಲೆ ತೀರ್ಪನ್ನು ಒಂದು ದಿನ ಮುಂದೂಡದೆ ಗತಿಯಿರಲಿಲ್ಲ.

ಶನಿವಾರ ಸಂಜೆ, ಉತ್ಸವದ ಮುನ್ನಾದಿನ, ಗೆಳತಿಯ ಅಜ್ಜಿಯ ಆಹ್ವಾನದ ಮೇರೆಗೆ ನಾವು ನಾಲ್ವರೂ ಹೊರಟೆವು. ಹ್ಯಾಮರ್‌ಸ್ಮಿತ್‌ನಲ್ಲಿ ರೈಲು ಬದಲಿಸಿದೆವು. ಲ್ಯಾಟಿಮರ್ ರೋಡ್ ನಿಲ್ದಾಣದ ಬಳಿ ಕಿಟಕಿಯಾಚೆ ಬಿಳಿಯ ಹೊದಿಕೆಯಿಂದ ಅಡಿಯಿಂದ ಮುಡಿಯವರೆಗೆ ಮುಚ್ಚಿದ ಎತ್ತರದ ಕಟ್ಟಡವೊಂದು ಕಂಡಿತು. ತುದಿಯಲ್ಲಿ ಹಸಿರು ಬಣ್ಣದ ಹೃದಯದ ಚಿತ್ರ. ಏನೆಂದು ಕೇಳಿದೆ. "ಗ್ರೆನ್‌ಫೆಲ್," ಎಂದು ಹೇಳಿ ಅಳಿಯ ಸುಮ್ಮನಾದ. ಮುಂದೆ ಅದರ ಮಾತು ಬರುತ್ತದೆ.

ವೆಸ್ಟ್‌ಬೋರ್ನ್ ಪಾರ್ಕಿನಲ್ಲಿ ಇಳಿದಾಗ ನಿಲ್ದಾಣದ ಹೊರಗೆ ಅಜ್ಜಿ ಕಾದಿದ್ದರು. ಎಂಬತ್ತು ದಾಟಿದ ಕಪ್ಪು ಮೈಬಣ್ಣದ ಎತ್ತರದ ಹೆಂಗಸು, 1962ರಲ್ಲಿ ಬಂದವರು, ಆಸ್ಪತ್ರೆಯಲ್ಲಿ ದಾದಿಯಾಗಿ ದುಡಿದು ನಿವೃತ್ತರಾದವರು. ನನ್ನ ಹಣೆಯ ವಿಭೂತಿ, ಬಿಳಿಯ ಧೋತರಗಳನ್ನು ನೋಡಿ, "ತಾವು ಪಾದ್ರಿಗಳೇ?" ಎಂದು ಕೇಳಿದರು. "ಅಲ್ಲ ತಾಯಿ, ಮೇಷ್ಟ್ರು," ಎಂದೆ. "ಹಾಗಾದರೆ ನಿಮಗೂ ಮಕ್ಕಳ ಗದ್ದಲ ರೂಢಿಯಿದೆ," ಎಂದು ನಕ್ಕು ಮುಂದೆ ನಡೆದರು.

ಅವರು ಕರೆದೊಯ್ದದ್ದು ಎಮ್ಸ್ಲೀ ಹಾರ್ನಿಮನ್ ಎಂಬ ಸಣ್ಣ ಉದ್ಯಾನಕ್ಕೆ. ಕಾರ್ನಿವಲ್‌ನ ಮುನ್ನಾದಿನ ಸಂಜೆ ಅಲ್ಲಿ ಸ್ಟೀಲ್‌ಪ್ಯಾನ್ ವಾದ್ಯವೃಂದಗಳ ಸ್ಪರ್ಧೆ ನಡೆಯುತ್ತದೆ. 'ಪನೋರಮಾ' ಎಂದು ಅದರ ಹೆಸರು. ಕತ್ತಲಾಗುತ್ತಿದ್ದಂತೆ ಗಾಲಿಗಳ ಮೇಲಿನ ಚೌಕಟ್ಟುಗಳನ್ನು ತಳ್ಳಿಕೊಂಡು ಬಂದರು. ಅವುಗಳಲ್ಲಿ ತೂಗುಹಾಕಿದ್ದು ಮಿರುಗುವ ಲೋಹದ ಬೋಗುಣಿಗಳು. ಕೆಲವು ಅಂಗೈಯಗಲದ ಆಳದವು, ಕೆಲವು ಆಳೆತ್ತರದ ಪೀಪಾಯಿಗಳೇ. ಹತ್ತಾರು ಜನ ಒಮ್ಮೆಗೇ ರಬ್ಬರು ಸುತ್ತಿದ ಕೋಲುಗಳನ್ನೆತ್ತಿದರು. ನಾನು ಗದ್ದಲವನ್ನು ನಿರೀಕ್ಷಿಸಿ ಕಿವಿಗೆ ಹತ್ತಿ ಇಟ್ಟುಕೊಂಡಿದ್ದೆ. ಕೇಳಿಬಂದದ್ದು ಜಲತರಂಗಕ್ಕೆ ಹತ್ತಿರವಾದ, ಆದರೆ ಮಳೆ ಒಮ್ಮೆಲೇ ಹಂಚಿನ ಮೇಲೆ ಸುರಿದಂತೆ ತುಂಬಿಬರುವ ನಾದ. ಯಾರ ಎದುರಿಗೂ ಸ್ವರಲಿಪಿಯ ಹಾಳೆ ಇರಲಿಲ್ಲ. ಎಲ್ಲವೂ ಕಂಠಸ್ಥ. ಹತ್ತಿಯನ್ನು ತೆಗೆದು ಜೇಬಿಗೆ ಹಾಕಿಕೊಂಡೆ.

ಈ ವಾದ್ಯದ ಜನ್ಮವೃತ್ತಾಂತವನ್ನು ಅಜ್ಜಿ ಹುಲ್ಲಿನ ಮೇಲೆ ಕುಳಿತು ಹೇಳಿದರು. ಆಮೇಲೆ ನಾನೂ ಓದಿ ತಿಳಿದೆ. ಟ್ರಿನಿಡಾಡ್‌ನಲ್ಲಿ ಕಬ್ಬಿನ ತೋಟಗಳ ಫ್ರೆಂಚ್ ಒಡೆಯರು ತಮ್ಮ ಉಪವಾಸದ ಋತುವಿಗೆ ಮುನ್ನ ಮುಖವಾಡ ಹಾಕಿ ಕುಣಿಯುತ್ತಿದ್ದರು. ಆಫ್ರಿಕದಿಂದ ತಂದ ಗುಲಾಮರಿಗೆ ಅಲ್ಲಿ ಪ್ರವೇಶವಿರಲಿಲ್ಲ. 1830ರ ದಶಕದಲ್ಲಿ ಗುಲಾಮಗಿರಿ ಕೊನೆಗೊಂಡ ಮೇಲೆ ಅವರು ಬೀದಿಗಿಳಿದು ಆ ಹಬ್ಬವನ್ನು ತಮ್ಮದಾಗಿಸಿಕೊಂಡರು. ಚರ್ಮವಾದ್ಯದ ಸದ್ದು ಕೇಳಿದರೆ ದಂಗೆಯ ಭಯ. ಆದುದರಿಂದ ಬ್ರಿಟಿಷ್ ಸರಕಾರ 1880ರ ದಶಕದಲ್ಲಿ ಡೋಲುಗಳನ್ನು ನಿರ್ಬಂಧಿಸಿತು. ಜನ ಬಿದಿರಿನ ಗಳಗಳನ್ನು ನೆಲಕ್ಕೆ ಕುಟ್ಟಿ ತಾಳ ಹಾಕಿದರು. ಬಿದಿರು ಸೀಳಿದರೆ ಬಿಸ್ಕತ್ತಿನ ಡಬ್ಬಿ, ಕಸದ ತೊಟ್ಟಿಯ ಮುಚ್ಚಳ, ಮೋಟಾರು ಗಾಡಿಯ ಬ್ರೇಕಿನ ಬಟ್ಟಲು ಏನು ಸಿಕ್ಕರೆ ಅದು. ಟ್ರಿನಿಡಾಡ್ ಎಣ್ಣೆಯ ನೆಲ. 1940ರ ದಶಕದಲ್ಲಿ ಎಸೆದ ಎಣ್ಣೆ ಪೀಪಾಯಿಯ ತಳವನ್ನು ಸುತ್ತಿಗೆಯಿಂದ ತಗ್ಗಿಸಿ, ಸ್ವರಸ್ಥಾನಗಳನ್ನು ಗುರುತಿಸಿ, ಬೆಂಕಿಯಲ್ಲಿ ಕಾಯಿಸಿ, ಮತ್ತೆ ಬಡಿಬಡಿದು ಶ್ರುತಿಗೂಡಿಸುವ ವಿದ್ಯೆಯನ್ನು ಅಲ್ಲಿನ ಬಡ ಹುಡುಗರು ಸಾಧಿಸಿದರು. ಅವರದೊಂದು ವೃಂದ 1951ರಲ್ಲಿ ಬ್ರಿಟನ್ನಿನ ಉತ್ಸವಕ್ಕೆಂದು ಬಂದು ಥೇಮ್ಸ್ ದಂಡೆಯ ಮೇಲೆ ನುಡಿಸಿತು. ನಾನು ಎರಡು ದಿನಗಳ ಹಿಂದೆ ಕೈಮುಗಿದು ನಿಂತಿದ್ದ ಅದೇ ದಂಡೆ, ಅದೇ ಲ್ಯಾಂಬೆತ್. 2023ರಲ್ಲಿ ವಿಶ್ವಸಂಸ್ಥೆಯು ಆಗಸ್ಟ್ 11ನ್ನು ವಿಶ್ವ ಸ್ಟೀಲ್‌ಪ್ಯಾನ್ ದಿನವೆಂದು ಸಾರಿತು. ಸರಕಾರವು ಕಿತ್ತುಕೊಂಡ ಡೋಲಿನ ಮೊಮ್ಮಗು ಇದು.

ಬೆಂಕಿಯಲ್ಲಿ ಕಾಯಿಸುವ ಮಾತು ಬಂದಾಗ ನನ್ನ ಮನಸ್ಸು ಎಲ್ಲಿಗೋ ಹೋಯಿತು. ಕಾಯಿಸಿ ನುಡಿಸುವ ವಾದ್ಯ ನಮ್ಮಲ್ಲಿಯೂ ಉಂಟಷ್ಟೆ. ನಾನು ಓದಿದ ಮಠದ ಜಾತ್ರೆಯಲ್ಲಿ, 1970ರ ದಶಕದ ಮಾತು, ತೇರು ಹೊರಡುವ ಮುನ್ನ ಹಲಗಿಯವರು ಹುಲ್ಲು ಹೊತ್ತಿಸಿ ಹಲಗಿಯನ್ನು ಬಿಸಿ ಮಾಡುತ್ತಿದ್ದರು. ಆ ಸದ್ದಿಲ್ಲದೆ ತೇರು ಒಂದು ಗೇಣೂ ಕದಲುತ್ತಿರಲಿಲ್ಲ. ಆದರೆ ತೇರಿನ ಹಗ್ಗಕ್ಕೆ ಅವರು ಕೈ ಹಚ್ಚುವಂತಿರಲಿಲ್ಲ. ರಾತ್ರಿ ದಾಸೋಹದಲ್ಲಿ ನಾವು ವಿದ್ಯಾರ್ಥಿಗಳೇ ಬಡಿಸುವವರು. ಹಲಗಿಯವರು ಅಡುಗೆ ಮನೆಯ ಹಿಂದಿನ ಬಯಲಿನಲ್ಲಿ ತಾವು ತಂದ ತಾಟುಗಳನ್ನಿಟ್ಟುಕೊಂಡು ಕುಳಿತಿರುತ್ತಿದ್ದರು. ಸೌಟು ತಾಟಿಗೆ ತಾಕದಂತೆ ಎತ್ತರದಿಂದ ಹಾಕು ಎಂದು ಹಿರಿಯರೊಬ್ಬರು ನನಗೆ ಹೇಳಿಕೊಟ್ಟಿದ್ದರು. ನಾನು ಹಾಗೆಯೇ ಹಾಕಿದೆ. ಬಿಸಿ ಹುಗ್ಗಿ ಮುದುಕನೊಬ್ಬನ ಕೈಮೇಲೆ ಸಿಡಿಯಿತು. ಆತ ಏನೂ ಅನ್ನದೆ ಕೈಯನ್ನು ಪಂಚೆಗೆ ಒರೆಸಿಕೊಂಡ. ಅಂದು ಹಗಲೆಲ್ಲ ನಾನು ಶರಣರ ಸಮತೆಯ ಮೇಲೆ ಭಾಷಣ ಸ್ಪರ್ಧೆಗೆಂದು ಪಾಠ ಒಪ್ಪಿಸುತ್ತಿದ್ದೆ, ಬಹುಮಾನವೂ ಬಂತು. ಇದನ್ನು ಈವರೆಗೆ ಯಾರೊಡನೆಯೂ ಹೇಳಿರಲಿಲ್ಲ. ಲಂಡನ್ನಿನ ಹುಲ್ಲಿನ ಮೇಲೆ ಕುಳಿತು ಎಣ್ಣೆ ಪೀಪಾಯಿಯ ಕಥೆ ಕೇಳುವಾಗ ಆ ಕೈ ಕಣ್ಣೆದುರು ಬಂತು.

ಮರಳುವಾಗ ಅಜ್ಜಿ ನಮ್ಮನ್ನು ಗೋಲ್‌ಬೋರ್ನ್ ರಸ್ತೆಯ ಮೂಲಕ ಕರೆದೊಯ್ದರು. ಗೋಡೆಯ ಮೇಲೊಂದು ನೀಲಿ ಫಲಕ. ಕೆಲ್ಸೋ ಕಾಕ್ರೇನ್ ಎಂಬಾತನ ಹೆಸರು. ಆ್ಯಂಟಿಗ ದ್ವೀಪದ ಬಡಗಿ, ಮೂವತ್ತೆರಡು ವರ್ಷ ವಯಸ್ಸು, ಕಾನೂನು ಓದಬೇಕೆಂಬ ಆಸೆಯಿದ್ದವನು. 1959ರ ಮೇ ತಿಂಗಳ ಒಂದು ರಾತ್ರಿ ಹೆಬ್ಬೆರಳಿಗೆ ಚಿಕಿತ್ಸೆ ಮಾಡಿಸಿಕೊಂಡು ಆಸ್ಪತ್ರೆಯಿಂದ ನಡೆದು ಬರುತ್ತಿದ್ದಾಗ ಬಿಳಿಯ ಹುಡುಗರ ಗುಂಪೊಂದು ಅಡ್ಡಗಟ್ಟಿ ಇರಿದು ಕೊಂದಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ಆತನ ಶವಯಾತ್ರೆಯಲ್ಲಿ ಸಾವಿರಕ್ಕೂ ಹೆಚ್ಚು ಜನ, ಕರಿಯರೂ ಬಿಳಿಯರೂ, ನಡೆದರು.

ಈಗ ಕೋಟ್ಯಧೀಶರು ವಾಸಿಸುವ ನಾಟಿಂಗ್ ಹಿಲ್ ಆಗ ಕೊಳಕು ಬಾಡಿಗೆ ಕೋಣೆಗಳ ಕೇರಿ. ಉಳಿದೆಡೆ ಮನೆಯ ಕಿಟಕಿಗಳಲ್ಲಿ ಕರಿಯರಿಗೆ ಬಾಡಿಗೆ ಇಲ್ಲವೆಂಬ ಚೀಟಿಗಳಿರುತ್ತಿದ್ದುದರಿಂದ ಬಂದವರು ಇಲ್ಲಿ ಒಂದೊಂದು ಕೋಣೆಯಲ್ಲಿ ನಾಲ್ಕೈದು ಜನ ಇರಬೇಕಾಗಿತ್ತು. "ಆ ಚೀಟಿಗಳನ್ನು ನಾನೇ ಓದಿದ್ದೇನೆ," ಎಂದರು ಅಜ್ಜಿ. 1958ರ ಆಗಸ್ಟ್ ಕೊನೆಯಲ್ಲಿ ಬಿಳಿಯ ಯುವಕರ ಗುಂಪುಗಳು ಇದೇ ಬೀದಿಗಳಲ್ಲಿ ಕರಿಯರ ಮನೆಗಳ ಮೇಲೆ ದಿನಗಟ್ಟಲೆ ದಾಳಿ ಮಾಡಿದವು.

ಇಲ್ಲಿ ಕ್ಲಾಡಿಯ ಜೋನ್ಸ್ ಎಂಬ ಹೆಣ್ಣುಮಗಳ ಹೆಸರನ್ನು ಹೇಳಬೇಕು. 1915ರಲ್ಲಿ ಟ್ರಿನಿಡಾಡ್‌ನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕ ಸೇರಿ, ಸಮತಾವಾದಿಯೆಂಬ ಕಾರಣಕ್ಕೆ ಸೆರೆಮನೆ ಕಂಡು, 1955ರಲ್ಲಿ ಗಡೀಪಾರಾಗಿ ಲಂಡನ್ನಿಗೆ ಬಂದವರು. ಬ್ರಿಕ್ಸ್‌ಟನ್‌ನಿಂದ ತಮ್ಮ ಜನಕ್ಕಾಗಿ ಪತ್ರಿಕೆಯೊಂದನ್ನು ಹೊರಡಿಸುತ್ತಿದ್ದರು. ಗಲಭೆ ಮುಗಿದ ನಾಲ್ಕೈದು ತಿಂಗಳಿಗೆ, 1959ರ ಜನವರಿ 30ರಂದು, ಸೇಂಟ್ ಪ್ಯಾಂಕ್ರಾಸ್ ಪುರಭವನದೊಳಗೆ ಅವರು ಕೆರಿಬಿಯನ್ ಕಾರ್ನಿವಲ್ ಏರ್ಪಡಿಸಿದರು. ಕಾರ್ನಿವಲ್ ಬೀದಿಯ ಹಬ್ಬ. ಲಂಡನ್ನಿನ ಜನವರಿಯ ಚಳಿಯಲ್ಲಿ ಬೀದಿ ಸಾಧ್ಯವಿಲ್ಲ, ಆದುದರಿಂದ ಭವನದೊಳಗೆ. ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಯೆಂದರೆ ಆ ದಿನದ ಕೈಹೊತ್ತಗೆಯ ಮಾರಾಟದ ಹಣದಲ್ಲಿ ಒಂದು ಪಾಲನ್ನು ಗಲಭೆಯ ಪ್ರಕರಣಗಳಲ್ಲಿ ದಂಡ ವಿಧಿಸಲ್ಪಟ್ಟ ಹುಡುಗರ ದಂಡ ಕಟ್ಟಲು ಎತ್ತಿಟ್ಟರು. ಕರಿಯ ಹುಡುಗರಿಗೆ ಮಾತ್ರವಲ್ಲ, ಬಿಳಿಯ ಹುಡುಗರಿಗೂ. ಪೆಟ್ಟು ತಿಂದವರು ಹೊಡೆದ ಗುಂಪಿನವರ ದಂಡವನ್ನೂ ಹಬ್ಬ ಮಾಡಿ ತೆರಲು ಹೊರಟದ್ದನ್ನು ನಾನು ಬೇರೆಲ್ಲಿಯೂ ಓದಿಲ್ಲ. ಕ್ಲಾಡಿಯ 1964ರಲ್ಲಿ ತೀರಿಕೊಂಡರು. ಹೈಗೇಟ್ ಸ್ಮಶಾನದಲ್ಲಿ ಕಾರ್ಲ್ ಮಾರ್ಕ್ಸ್‌ನ ಪಕ್ಕದಲ್ಲಿಯೇ ಅವರ ಸಮಾಧಿ ಇದೆ.

ಹಬ್ಬ ಬೀದಿಗೆ ಬಂದದ್ದು 1966ರಲ್ಲಿ. ರೋನ್ ಲ್ಯಾಸ್ಲೆಟ್ ಎಂಬ ಸಮಾಜಸೇವಕಿ ಆ ಕೇರಿಯಲ್ಲಿ ಒಟ್ಟೊಟ್ಟಿಗೆ ಬದುಕುತ್ತಿದ್ದರೂ ಪರಸ್ಪರ ಮುಖ ನೋಡದ ಐರಿಷ್, ಸ್ಪ್ಯಾನಿಷ್, ಪೋರ್ಚುಗೀಸ್, ಉಕ್ರೇನ್, ಆಫ್ರಿಕ, ಕೆರಿಬಿಯನ್ ಮೂಲದ ಮನೆಗಳ ಮಕ್ಕಳಿಗಾಗಿ ಒಂದು ಬೀದಿ ಮೇಳ ನಡೆಸಿದರು. ರಸೆಲ್ ಹೆಂಡರ್ಸನ್ ಎಂಬ ಟ್ರಿನಿಡಾಡ್‌ನ ಕಲಾವಿದ ತನ್ನ ಸಂಗಡಿಗರೊಡನೆ ಪ್ಯಾನ್ ನುಡಿಸಲು ಬಂದಿದ್ದ. ಆಟ ಕಳೆಗಟ್ಟದಿರಲು ಆತ ವಾದ್ಯವನ್ನು ಕೊರಳಿಗೆ ತೂಗುಹಾಕಿಕೊಂಡು ನುಡಿಸುತ್ತ ನಡೆಯತೊಡಗಿದ. ಮಕ್ಕಳು ಹಿಂದೆ ಬಿದ್ದರು. ಮಕ್ಕಳ ಹಿಂದೆ ತಾಯಂದಿರು. ಯಾರೂ ಯೋಜಿಸದ ಮೆರವಣಿಗೆಯೊಂದು ಸಿದ್ಧವಾಯಿತು. ಇಂದು ಹತ್ತು ಲಕ್ಷಕ್ಕೂ ಮಿಕ್ಕಿ ಜನ ಸೇರುವ ಉತ್ಸವದ ಮೂಲ ಇಷ್ಟೇ.

ಆ ರಾತ್ರಿ ಮನೆಯಲ್ಲಿ ನನ್ನ ತೀರ್ಪನ್ನು ಹೇಳಿದೆ. "ಆಕಿ ನಡೀಲಿ. ನಾವೂ ಬಾಜೂಕ ನಡಿಯೋಣು." ಅಳಿಯನ ಮುಖ ಸಪ್ಪಗಾಯಿತು. ಸೊಸೆ ಏನೂ ಹೇಳದೆ ಒಳಗೆ ಹೋಗಿ ಒಂದು ಹಳೆಯ ಇಳಕಲ್ ಸೀರೆಯನ್ನು ತಂದಳು. ತೋಪು ತೆನಿಯ ಸೆರಗು ಮಾತ್ರ ಇರಲಿಲ್ಲ. "ಅದನ್ನ ಹೋದ ತಿಂಗಳಽ ಕತ್ತರಿಸಿ ಕೊಟ್ಟೀನ್ರಿ ಮಾವಾರ," ಎಂದಳು. ರೆಕ್ಕೆಗಳನ್ನು ಬೆಳಕಿಗೆ ಹಿಡಿದು ನೋಡಿದೆವು. ಗರಿಗಳ ಅಂಚಿಗುಂಟ ಕೆಂಪು ನೆಲದ ಮೇಲೆ ಬಿಳಿಯ ತೆನೆಗಳ ಸಾಲು. ತೀರ್ಪು ನಾನು ಬರುವ ಮೊದಲೇ ಆ ಮನೆಯಲ್ಲಿ ಆಗಿಹೋಗಿತ್ತೆಂದು ತೋರುತ್ತದೆ, ಗಂಡಸರಿಗೆ ತಿಳಿದಿರಲಿಲ್ಲ.

ಭಾನುವಾರ ಕಂಡದ್ದೆಲ್ಲ ಮನಸ್ಸಿಗೆ ಹಿತವಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಸಿರಿವಂತರು ಮನೆಯ ಮುಂಗಡೆಗೆ ಹಲಗೆ ಬಡಿದು ಊರು ಬಿಟ್ಟಿದ್ದರು. ಮೂಲೆಮೂಲೆಯಲ್ಲಿ ಗೋಡೆಯೆತ್ತರ ಪೇರಿಸಿದ ಧ್ವನಿವರ್ಧಕಗಳು. ಅವುಗಳ ಮುಂದೆ ನಿಂತರೆ ಎದೆಗೂಡೇ ನಡುಗುತ್ತದೆ. ಇದು ಜಮೈಕಾದವರ ಕೊಡುಗೆಯಂತೆ. ಹಾಡು ಯಾವುದು, ಬಡಿತ ಯಾವುದು ನನಗಂತೂ ತಿಳಿಯಲಿಲ್ಲ. ಹಗಲಿನಲ್ಲಿಯೇ ಕುಡಿದು ತೂರಾಡುವವರು, ಕಂಡ ಕಂಡ ಗೋಡೆಯನ್ನು ಶೌಚಾಲಯ ಮಾಡಿಕೊಂಡವರು ಇದ್ದರು. ವಯಸ್ಕರ ತಂಡಗಳ ಉಡುಪಿನ ಬಗ್ಗೆ ಅಳಿಯ ಹೇಳಿದ್ದು ಉತ್ಪ್ರೇಕ್ಷೆಯಲ್ಲ. ನಾನು ಮೊದಮೊದಲು ಕಣ್ಣು ತಗ್ಗಿಸಿಯೇ ನಡೆದೆ. ಅರವತ್ತು ದಾಟಿದ, ಮೈತುಂಬಿದ ಹೆಂಗಸೊಬ್ಬಳು ಮಣಿಗಳ ಉಡುಪಿನಲ್ಲಿ ಯಾರ ನೋಟದ ಹಂಗೂ ಇಲ್ಲದೆ ಕುಣಿಯುತ್ತ ಹೋದುದನ್ನು ಕಂಡ ಮೇಲೆ, ಈ ದೇಹಗಳನ್ನು ಒಂದು ಕಾಲದಲ್ಲಿ ಸಂತೆಯಲ್ಲಿ ಹರಾಜು ಹಾಕುತ್ತಿದ್ದರು ಎಂಬುದು ನೆನಪಾಯಿತು. ಒಪ್ಪಿಗೆಯಾಯಿತೆಂದು ಹೇಳಲಾರೆ. ಕಣ್ಣೆತ್ತಿ ನಡೆಯುವುದು ಸಾಧ್ಯವಾಯಿತು.

ಮಕ್ಕಳ ತಂಡದಲ್ಲಿ ಅಂತಹ ಮುಜುಗರವೇನೂ ಇರಲಿಲ್ಲ. ತುಂಬುತೋಳಿನ ಅಂಗಿಯ ಮೇಲೆ ರೆಕ್ಕೆ ಕಟ್ಟಿಕೊಂಡ ಮೊಮ್ಮಗಳು ನಲವತ್ತು ಹಕ್ಕಿಗಳ ನಡುವೆ ಒಂದು ಹಕ್ಕಿಯಾಗಿ ನಡೆದಳು. 2021ರ ಜನಗಣತಿಯಂತೆ ಲಂಡನ್ ನಿವಾಸಿಗಳಲ್ಲಿ ಹತ್ತರಲ್ಲಿ ನಾಲ್ವರು ಬ್ರಿಟನ್ನಿನ ಹೊರಗೆ ಹುಟ್ಟಿದವರು. ಆ ನಲವತ್ತು ಮುಖಗಳಲ್ಲಿ ಭೂಗೋಳದ ಯಾವ ಖಂಡ ಇತ್ತು, ಯಾವುದು ಇರಲಿಲ್ಲ ಎಂದು ಹೇಳುವುದು ಕಷ್ಟವಾಗಿತ್ತು.

ಹಸಿವಾದಾಗ ನನಗೆ ತಿನ್ನಲು ಏನು ಸಿಕ್ಕೀತೆಂಬ ಚಿಂತೆ ಸೊಸೆಗೆ. ಎಲ್ಲೆಡೆ ಕೋಳಿ ಸುಡುವ ಹೊಗೆ. ಕೊನೆಗೆ ಒಂದು ಅಂಗಡಿಯಲ್ಲಿ 'ಡಬಲ್ಸ್' ಎಂಬ ತಿಂಡಿ ದೊರೆಯಿತು. ಅರಿಸಿನ ಬೆರೆಸಿ ಎಣ್ಣೆಯಲ್ಲಿ ಕರಿದ ಎರಡು ಮೆತ್ತನೆಯ ರೊಟ್ಟಿಗಳು, ನಡುವೆ ಕಡಲೆಯ ಪಲ್ಯ, ಮೇಲೆ ಸೌತೆಕಾಯಿ, ಹುಣಸೆಯ ಗೊಜ್ಜು. ಬಾಯಿಗಿಟ್ಟ ಕೂಡಲೇ ಇದು ನಮ್ಮ ನೆಲದ್ದೆಂದು ನಾಲಿಗೆ ಹೇಳಿತು. ರೊಟ್ಟಿಗೆ 'ಬಾರಾ', ಕಡಲೆಗೆ 'ಚನ್ನಾ' ಎನ್ನುತ್ತಾರೆ. ಮಾರುತ್ತಿದ್ದ ಹೆಂಗಸಿನ ಮುಖವೂ ನಮ್ಮ ಕಡೆಯದೇ. ಗುಲಾಮರು ಬಿಡುಗಡೆಯಾದ ಮೇಲೆ ಕಬ್ಬು ಕಡಿಯಲು ಆಳುಗಳು ಬೇಕಾಗಿ ಬ್ರಿಟಿಷರು ಒಡಂಬಡಿಕೆಯ ಕೂಲಿಗಳನ್ನು ಭಾರತದಿಂದ ಸಾಗಿಸಿದರು. 'ಫತೆಲ್ ರಜಾಕ್' ಎಂಬ ಮೊದಲ ಹಡಗು ಟ್ರಿನಿಡಾಡ್ ಮುಟ್ಟಿದ್ದು 1845ರ ಮೇ 30ರಂದು. 1917ರವರೆಗೆ ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು ಜನ ಹೀಗೆ ಹೋದರು, ಬಹುತೇಕ ಭೋಜಪುರಿ ಸೀಮೆಯವರು. "ನಮ್ಮ ಆಜಿ ಈ ಬಾರಾ ಮಾಡುತ್ತಿದ್ದರು," ಎಂದಳು ಆಕೆ. ಹಿಂದಿ ಬಾರದು, ಭೋಜಪುರಿ ಬಾರದು; ಆದರೆ ಅಜ್ಜನಿಗೆ ಆಜಾ, ಅಜ್ಜಿಗೆ ಆಜಿ ಎಂಬ ಶಬ್ದಗಳು ಮಾತ್ರ ಎರಡು ಸಮುದ್ರ ದಾಟಿ ಉಳಿದುಕೊಂಡಿವೆ. "ನಮ್ಮಲ್ಲಿ ಅಜ್ಜ, ಅಜ್ಜಿ," ಎಂದೆ. ಎರಡನೆಯ ತಿಂಡಿಗೆ ಹಣ ತೆಗೆದುಕೊಳ್ಳಲಿಲ್ಲ.

ಮೂರು ಗಂಟೆಗೆ ಸರಿಯಾಗಿ ಎಲ್ಲೋ ಸೀಟಿ ಊದಿದರು. ಧ್ವನಿವರ್ಧಕಗಳು ಒಂದರ ಹಿಂದೊಂದು ನಿಂತವು. ಕುಣಿಯುವ ಕಾಲುಗಳು ನಿಂತವು. ಅಂಚಿನಲ್ಲಿದ್ದ ಪೊಲೀಸರು ಟೋಪಿ ತೆಗೆದರು. ನಾವು ರೈಲಿನಿಂದ ಕಂಡಿದ್ದ ಬಿಳಿಯ ಹೊದಿಕೆಯ ಕಟ್ಟಡ ಆ ಬೀದಿಗಳಿಗೆ ಬಹು ಸಮೀಪ. 2017ರ ಜೂನ್ 14ರ ನಸುಕಿನಲ್ಲಿ ಗ್ರೆನ್‌ಫೆಲ್ ಎಂಬ ಆ ಇಪ್ಪತ್ತನಾಲ್ಕು ಅಂತಸ್ತಿನ ವಸತಿ ಗೋಪುರ ಹೊತ್ತಿ ಉರಿದು 72 ಜನ ಸತ್ತರು. ಗೋಪುರದ ಹೊರಮೈಗೆ ಹೊಸದಾಗಿ ಹೊದಿಸಿದ್ದ ಹಾಳೆಗಳೇ ಬೆಂಕಿಯನ್ನು ಮೇಲಕ್ಕೊಯ್ದವು. ಸತ್ತವರಲ್ಲಿ ಹಲವು ದೇಶಗಳ ಮೂಲದವರಿದ್ದರು, ಮಕ್ಕಳೂ ಇದ್ದರು. ಗೋಪುರವನ್ನು ಕೆಳಗಿಳಿಸುವ ನಿರ್ಧಾರವನ್ನು ಸರಕಾರ 2025ರಲ್ಲಿ ಪ್ರಕಟಿಸಿತು. ನಾನು ಹೋದಾಗ ಅದು ಇನ್ನೂ ಹಾಗೆಯೇ ನಿಂತಿತ್ತು. ಕಾರ್ನಿವಲ್‌ನ ಎರಡೂ ದಿನ ಮಧ್ಯಾಹ್ನ ಮೂರಕ್ಕೆ 72 ಸೆಕೆಂಡು ಮೌನ ಆಚರಿಸುತ್ತಾರೆ.

ಆ ಮೌನವನ್ನು ವರ್ಣಿಸಲಾರೆ. ಮಠದ ಧ್ಯಾನಮಂದಿರದಲ್ಲಿ ನೂರಾರು ಸಲ ಕುಳಿತಿದ್ದೇನೆ. ಅಲ್ಲಿಯ ಮೌನ ಗೋಡೆಗಳು ಕೊಟ್ಟದ್ದು. ಇಲ್ಲಿ ಅರೆಗಳಿಗೆಯ ಹಿಂದೆ ಎದೆ ನಡುಗಿಸುತ್ತಿದ್ದ ಲಕ್ಷಾಂತರ ಜನ ತಾವೇ ಅದನ್ನು ಹಿಡಿದು ನಿಲ್ಲಿಸಿದ್ದರು. ಗಾಳಿಗೆ ಮಕ್ಕಳ ರೆಕ್ಕೆಗಳ ಗರಿ ಸರಸರ ಎನ್ನುವುದು ಕೇಳುತ್ತಿತ್ತು. ಕುಡಿದು ತೂರಾಡುತ್ತಿದ್ದವನೊಬ್ಬ ಕಂಬಕ್ಕೆ ಕೈಕೊಟ್ಟು ನೆಟ್ಟಗೆ ನಿಂತಿದ್ದ. ಅಜ್ಜಿ ಕಣ್ಣು ಮುಚ್ಚಿದ್ದರು. ಅಳಿಯನನ್ನು ನೋಡಿದೆ; ಮಗಳ ಭುಜದ ಮೇಲೆ ಆತನ ಕೈ ಇತ್ತು. ಮತ್ತೆ ಸೀಟಿ ಊದಿತು. ಮೊದಲು ಒಂದು ಪ್ಯಾನ್, ಆಮೇಲೆ ಎಲ್ಲವೂ.

ಒಂದು ವಿಷಯವನ್ನು ಮರೆಮಾಚಬಾರದು. ಮರುವರ್ಷ, 2024ರಲ್ಲಿ, ಇದೇ ಭಾನುವಾರ, ಇದೇ ಮಕ್ಕಳ ದಿನ, ಮೂರು ವರ್ಷದ ಮಗಳೊಡನೆ ಬಂದಿದ್ದ ತಾಯಿಯೊಬ್ಬಳಿಗೆ ಚೂರಿ ಇರಿತವಾಯಿತು. ಕೆಲ ದಿನಗಳಲ್ಲಿ ಆಕೆ ತೀರಿಕೊಂಡಳು. ಸುದ್ದಿ ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅಳಿಯನ ಭಯ ಸುಳ್ಳಾಗಿರಲಿಲ್ಲ. ನಾನು ಕೊಟ್ಟ ಸಲಹೆ ಸರಿಯಿತ್ತೆ ಎಂದು ಫೋನಿನಲ್ಲಿ ಕೇಳಿದೆ. ಆತ ಬಹಳ ಹೊತ್ತು ಸುಮ್ಮನಿದ್ದು, "ಈ ವರ್ಷಾನೂ ನಡದಾಳ್ರಿ ಮಾಮಾ. ನಾನೂ ನಡದೀನಿ," ಎಂದ.

ಆ ಮೊದಲ ವರ್ಷದ ಸಂಜೆ ಹತ್ತಿರದ ನಿಲ್ದಾಣಗಳನ್ನು ಮುಚ್ಚಿದ್ದರಿಂದ ಬಹುದೂರ ನಡೆದು ರೈಲು ಹಿಡಿದೆವು. ಹುಡುಗಿಯ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ರೆಕ್ಕೆಗಳನ್ನು ಅಳಿಯನೇ ತಲೆಯ ಮೇಲೆ ಎತ್ತಿ ಹಿಡಿದಿದ್ದ. ಡಬ್ಬಿಯ ಬಾಗಿಲಲ್ಲಿ ಅಡ್ಡಡ್ಡ ತಿರುಗಿಸಿ ಹೇಗೋ ಒಳಗೆ ತಂದ. ಎದುರಿಗೆ ಕುಳಿತಿದ್ದ ಕೆರಿಬಿಯನ್ ಮುದುಕರೊಬ್ಬರು ಪಕ್ಕದ ಆಸನದಿಂದ ತಮ್ಮ ಚೀಲವನ್ನೆತ್ತಿ, ರೆಕ್ಕೆಗಳನ್ನು ಅಲ್ಲಿರಿಸಿರೆಂದು ಸನ್ನೆ ಮಾಡಿದರು. ಅಂಚಿನ ತೆನೆಗಳನ್ನು ಬೆರಳಿನಿಂದ ಮುಟ್ಟಿ ನೋಡಿ ಹುಡುಗಿಯನ್ನು ಕೇಳಿದರು, "ನಿನ್ನದು ಯಾವ ದ್ವೀಪ ಮಗೂ?"

ಆಕೆ ಒಂದು ಕ್ಷಣ ಯೋಚಿಸಿ, "ಬಾಗಲಕೋಟಿ," ಎಂದಳು.

"ಬಾಗಲಕೋಟಿ," ಎಂದು ಮುದುಕರು ನಿಧಾನವಾಗಿ ಹೇಳಿ ನೋಡಿದರು. "ಕೇಳಿಲ್ಲವಲ್ಲ. ಗ್ರೆನಡದ ಆಚೆಗಾ?"

"ಸ್ವಲ್ಪ ಆಚೆ," ಎಂದಳು ಹುಡುಗಿ.